ಕುಮಾರಿ ಕ್ಯಾರೊಲಿನ್ ಹರ್ಷೆಲ್ ಮತ್ತು ಆಕೆಯ ದೂರದರ್ಶಕದ ಪೀಠ

ಆಕಾಶವನ್ನು ನೋಡಬೇಕೆಂಬ ಆಸೆ ಹುಟ್ಟಿದ ಬಾಲಕಿಯು ಮೊದಲು ವಿಚಾರಿಸುವುದು ದೂರದರ್ಶಕದ ಕುರಿತು. ಅದರ ಗಾಜು ಎಷ್ಟು ಅಗಲವಾದದ್ದು, ಅದು ವಸ್ತುವನ್ನು ಎಷ್ಟು ಪಟ್ಟು ದೊಡ್ಡದಾಗಿ ತೋರಿಸುತ್ತದೆ, ಅದರ ಬೆಲೆಯೆಷ್ಟು ಎಂದು ಕೇಳುವವರು ಅನೇಕರು. ಆ ಕೊಳವೆಯು ಯಾವುದರ ಮೇಲೆ ನಿಲ್ಲುತ್ತದೆ, ಅದನ್ನು ತಿರುಗಿಸುವ ಬಗೆ ಹೇಗೆ ಎಂದು ಕೇಳುವವರು ವಿರಳ. ಆದರೆ ಒಳ್ಳೆಯ ಗಾಜು ಅಲುಗಾಡುವ ಪೀಠದ ಮೇಲಿದ್ದರೆ ಅದರಿಂದ ಯಾವ ಪ್ರಯೋಜನವೂ ಆಗದು. ಸಾಧಾರಣವಾದ ಗಾಜು ತಕ್ಕ ಪೀಠದ ಮೇಲಿದ್ದರೆ ಅದರಿಂದ ದೊಡ್ಡ ಕೆಲಸಗಳಾಗಬಹುದು. ಈ ಮಾತಿಗೆ ನಿದರ್ಶನವಾಗಿ, ಇನ್ನೂರೈವತ್ತು ವರುಷಗಳಿಗೂ ಹಿಂದೆ ಜರ್ಮನಿಯಲ್ಲಿ ಹುಟ್ಟಿ ಇಂಗ್ಲೆಂಡಿನಲ್ಲಿ ಕೀರ್ತಿ ಪಡೆದ ಒಬ್ಬ ಮಹನೀಯೆಯ ಚರಿತ್ರೆಯನ್ನು ನಮ್ಮ ವಿದ್ಯಾರ್ಥಿನಿಯರ ಮುಂದಿಡಲು ಬಯಸುತ್ತೇವೆ.

ಕ್ಯಾರೊಲಿನ್ ಲುಕ್ರೀಷಿಯ ಹರ್ಷೆಲ್ ಎಂಬಾಕೆಯು ೧೭೫೦ನೆಯ ಇಸವಿ ಮಾರ್ಚ್ ೧೬ರಂದು ಹನೋವರ್ ಪಟ್ಟಣದಲ್ಲಿ ಜನಿಸಿದಳು. ತಂದೆಯಾದ ಐಸಾಕನು ಸೈನ್ಯದ ವಾದ್ಯಮೇಳದಲ್ಲಿ ಊದುವವನು. ಮನೆಯಲ್ಲಿ ಮಕ್ಕಳು ಹೆಚ್ಚು, ಹಣ ಕಡಿಮೆ. ಕ್ಯಾರೊಲಿನಳು ಎಳೆಯ ವಯಸ್ಸಿನಲ್ಲಿಯೇ ಸಿಡುಬಿನಿಂದ ನರಳಿದಳು. ಹತ್ತನೆಯ ವಯಸ್ಸಿನಲ್ಲಿ ಟೈಫಸ್ ಜ್ವರವು ಬಂದು ಆಕೆಯ ಬೆಳವಣಿಗೆಯನ್ನು ನಿಲ್ಲಿಸಿಬಿಟ್ಟಿತು. ಬೆಳೆದು ದೊಡ್ಡವಳಾದ ಮೇಲೆಯೂ ಆಕೆಯ ಎತ್ತರವು ನಾಲ್ಕು ಅಡಿ ಮೂರು ಅಂಗುಲಗಳನ್ನು ಮೀರಲಿಲ್ಲ. ಈ ಸಂಗತಿಯನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಹೇಳುವ ದೂರದರ್ಶಕದ ಮಾತಿಗೆ ಇದು ಸಂಬಂಧಪಟ್ಟದ್ದು.

ಈ ಹುಡುಗಿಗೆ ಮದುವೆಯಾಗಲಾರದೆಂದು ತಾಯಿಯು ನಿಶ್ಚಯಿಸಿಕೊಂಡು, ಆಕೆಯನ್ನು ಮನೆಗೆಲಸಕ್ಕೆ ಮೀಸಲು ಮಾಡಿದಳು. ಓದುಬರಹಗಳಿಗಿಂತ ಹೆಚ್ಚಿನ ವಿದ್ಯೆಯನ್ನು ಹೆಣ್ಣುಮಗಳಿಗೆ ಕಲಿಸುವುದು ಆ ತಾಯಿಗೆ ಸಮ್ಮತವಾಗಿರಲಿಲ್ಲ. ತಂದೆಯು ಮಾತ್ರ ಆಕೆ ಮನೆಯಲ್ಲಿಲ್ಲದ ವೇಳೆ ನೋಡಿ ಮಗಳಿಗೆ ಪಿಟೀಲನ್ನು ಸ್ವಲ್ಪಸ್ವಲ್ಪ ಕಲಿಸುತ್ತಿದ್ದನು. ಒಂದು ಚಳಿಯ ರಾತ್ರಿ ಆಕೆಯನ್ನು ಬೀದಿಗೆ ಕರೆದುಕೊಂಡು ಹೋಗಿ ನಕ್ಷತ್ರಪುಂಜಗಳನ್ನೂ ಆಗ ಕಾಣುತ್ತಿದ್ದ ಒಂದು ಧೂಮಕೇತುವನ್ನೂ ತೋರಿಸಿದನು. ೧೭೬೭ರಲ್ಲಿ ತಂದೆಯು ತೀರಿಕೊಂಡನು. ಆಮೇಲೆ ಐದು ವರುಷಗಳ ಕಾಲ ಕ್ಯಾರೊಲಿನಳ ಬಾಳು ಅಡಿಗೆಮನೆ, ಹೊಲಿಗೆ, ಹೆಣಿಗೆಗಳಲ್ಲಿಯೇ ಕಳೆಯಿತು.

ಆಕೆಗಿಂತ ಹನ್ನೊಂದು ವರುಷ ಹಿರಿಯನಾದ ಅಣ್ಣ ವಿಲಿಯಮನು ಇಷ್ಟರಲ್ಲಿ ಇಂಗ್ಲೆಂಡಿಗೆ ಹೋಗಿ ಬಾತ್ ಎಂಬ ಪಟ್ಟಣದಲ್ಲಿ ಸಂಗೀತಗಾರನಾಗಿ ನೆಲಸಿದ್ದನು. ತಂಗಿಯು ಮನೆಯೊಳಗೆ ಬಾಡಿಹೋಗುತ್ತಿರುವುದನ್ನು ಅವನು ಅರಿತು, ಅವಳನ್ನು ತನ್ನ ಕಚೇರಿಗಳಲ್ಲಿ ಹಾಡುವುದಕ್ಕೆ ತರಬೇತು ಮಾಡುವೆನೆಂದು ಹೇಳಿ, ಅವಳ ಬದಲಿಗೆ ಒಬ್ಬ ಕೆಲಸದವಳನ್ನು ಇಟ್ಟುಕೊಳ್ಳಲು ತಾಯಿಗೆ ವರ್ಷಾಶನವನ್ನು ಗೊತ್ತುಮಾಡಿಕೊಟ್ಟನು. ೧೭೭೨ರ ಆಗಸ್ಟ್ ತಿಂಗಳಲ್ಲಿ ಅಣ್ಣತಂಗಿಯರು ಹೊರಟರು. ಆರು ಹಗಲು ಆರು ರಾತ್ರಿ ತೆರೆದ ಅಂಚೆಬಂಡಿಯ ಪ್ರಯಾಣ. ಹಾಲೆಂಡಿನಲ್ಲಿ ಗಾಳಿಯು ಆಕೆಯ ಟೋಪಿಯನ್ನು ಹಾರಿಸಿ ಕಾಲುವೆಗೆ ಹಾಕಿತು. ಸಮುದ್ರದಲ್ಲಿ ಬಿರುಗಾಳಿಯು ಹಡಗನ್ನು ಜರ್ಜರಿತವಾಗಿ ಮಾಡಿತು. ಆದರೂ ನಿರ್ಮಲವಾದ ರಾತ್ರಿಗಳಲ್ಲಿ ಬಂಡಿಯ ಮೇಲೆ ಕುಳಿತು ಅಣ್ಣನು ನಕ್ಷತ್ರಪುಂಜಗಳನ್ನು ಒಂದೊಂದಾಗಿ ತೋರಿಸುತ್ತ ಬಂದನು.

ಬಾತ್ ಪಟ್ಟಣದಲ್ಲಿ ಆಕೆಗೆ ಇಂಗ್ಲಿಷು, ಲೆಕ್ಕ, ಸಂಗೀತ ಮೂರನ್ನೂ ಅಣ್ಣನೇ ಬೆಳಗಿನ ಉಪಾಹಾರದ ಮೇಜಿನ ಬಳಿ ಕಲಿಸಿದನು. ಮಗ್ಗಿಯು ಕೊನೆಯವರೆಗೂ ಬಾಯಿಪಾಠವಾಗಲಿಲ್ಲವಾದುದರಿಂದ ಅದನ್ನು ಒಂದು ಚೀಟಿಯಲ್ಲಿ ಬರೆದು ಸದಾ ತನ್ನ ಬಳಿ ಇಟ್ಟುಕೊಳ್ಳುತ್ತಿದ್ದಳು. ಮುಂದೆ ಸಾವಿರಾರು ನಕ್ಷತ್ರಗಳ ಸ್ಥಾನಗಳನ್ನು ಗಣಿಸಿದವಳು ಇವಳೇ ಎಂಬುದನ್ನು ನೆನೆದರೆ, ಲೆಕ್ಕಕ್ಕೆ ಹೆದರುವ ನಮ್ಮ ಬಾಲಕಿಯರು ಧೈರ್ಯ ತಂದುಕೊಳ್ಳಬಹುದು. ಹಾಡುಗಾರಿಕೆಯಲ್ಲಿಯೂ ಆಕೆ ಬೇಗನೆ ಮುಂದಕ್ಕೆ ಬಂದು, ಹ್ಯಾಂಡೆಲನ ಮೆಸ್ಸಾಯ ಗೀತರೂಪಕದಲ್ಲಿ ಮುಖ್ಯ ಗಾಯಕಿಯಾಗಿ ಹಾಡಿದಳು. ಬರ್ಮಿಂಗ್‌ಹ್ಯಾಮಿನಿಂದ ಕರೆ ಬಂದಾಗ ಮಾತ್ರ ಅಣ್ಣನ ಮೇಳವನ್ನು ಬಿಟ್ಟು ಬೇರೆಲ್ಲಿಯೂ ಹಾಡಲೊಲ್ಲೆನೆಂದು ನಿರಾಕರಿಸಿದಳು.

ಇಷ್ಟರಲ್ಲಿ ವಿಲಿಯಮನಿಗೆ ಖಗೋಳದ ಹುಚ್ಚು ಹಿಡಿಯಿತು. ೧೭೭೩ರಲ್ಲಿ ಅವನು ಗಾಜುಗಳನ್ನು ತರಿಸಿ, ಹದಿನೆಂಟು ಇಪ್ಪತ್ತು ಅಡಿ ಉದ್ದದ ಕೊಳವೆಯೊಂದನ್ನು ದಪ್ಪ ಕಾಗದದ ಹಲಗೆಯಿಂದ ಮಾಡುವ ಕೆಲಸವನ್ನು ತಂಗಿಗೆ ಒಪ್ಪಿಸಿದನು. ಆಕೆ ಸಂಗೀತಾಭ್ಯಾಸವನ್ನು ಬಿಟ್ಟು ಅದನ್ನು ಅಂಟಿಸಿ ಮುಗಿಸಿದಳು. ಆದರೆ ಅಷ್ಟು ಉದ್ದದ ಕಾಗದದ ಕೊಳವೆಯು ತನ್ನ ಭಾರಕ್ಕೆ ತಾನೇ ಬಾಗಿತು. ಅದರೊಳಗಿಂದ ಗುರುಗ್ರಹವನ್ನಾಗಲಿ ಶನಿಯನ್ನಾಗಲಿ ಅಣ್ಣನ ಹೊರತು ಮತ್ತಾರೂ ಕಾಣಲಾರದೆ ಹೋದರು. ಕಾಗದವನ್ನು ತೆಗೆದು ತಗಡಿನ ಕೊಳವೆಯನ್ನು ಹಾಕಿದ ಮೇಲೆ ತೊಂದರೆಯು ನಿವಾರಣೆಯಾಯಿತು. ಗಾಜು ಅದೇ, ಆಕಾಶವೂ ಅದೇ; ಹಿಡಿದು ನಿಲ್ಲಿಸುವ ವಸ್ತುವು ಗಟ್ಟಿಯಾದೊಡನೆ ಕಾಣದಿದ್ದದ್ದು ಕಾಣಿಸಿತು. ಕ್ಯಾರೊಲಿನಳು ಕಲಿತ ಮೊದಲನೆಯ ಪಾಠವು ಇದೇ.

ಬಳಿಕ ವಿಲಿಯಮನು ಗಾಜಿನ ದೂರದರ್ಶಕಗಳನ್ನು ಬಿಟ್ಟು ಲೋಹದ ಕನ್ನಡಿಯುಳ್ಳವುಗಳನ್ನು ತಾನೇ ಮಾಡತೊಡಗಿದನು. ಮನೆಯೆಲ್ಲ ಕಾರ್ಖಾನೆಯಾಯಿತು. ಕನ್ನಡಿಗೆ ಮೆರುಗು ಕೊಡುವಾಗ ಕೈಯನ್ನು ತೆಗೆಯಬಾರದಾದುದರಿಂದ ಒಮ್ಮೆ ಅವನು ಹದಿನಾರು ಘಂಟೆಗಳ ಕಾಲ ಏಳದೆ ಕುಳಿತಿದ್ದನೆಂದೂ, ತಂಗಿಯು ತುತ್ತುಗಳನ್ನು ಅವನ ಬಾಯಿಗೆ ಇಡುತ್ತಿದ್ದಳೆಂದೂ ತಿಳಿದುಬರುತ್ತದೆ. ಅಚ್ಚಿಗಾಗಿ ಕುದುರೆಯ ಲದ್ದಿಯನ್ನು ಒರಳಿನಲ್ಲಿ ಕುಟ್ಟಿ ಜರಡಿ ಹಿಡಿಯುವ ಕೆಲಸದಲ್ಲಿಯೂ ಆಕೆ ಕೈಗೂಡಿಸಿದಳು. ೧೭೮೧ರ ಆಗಸ್ಟಿನಲ್ಲಿ ಮೂರು ಅಡಿ ಅಗಲದ ಕನ್ನಡಿಯನ್ನು ಎರಕ ಹೊಯ್ಯುತ್ತಿದ್ದಾಗ ಕರಗಿದ ಲೋಹವು ಸೋರಿ ನೆಲದ ಮೇಲೆ ಹರಿಯಿತು; ಹಾಸುಗಲ್ಲುಗಳು ಸಿಡಿದು ಮಾಳಿಗೆಯವರೆಗೆ ಹಾರಿದವು; ಎಲ್ಲರೂ ಪ್ರಾಣ ಉಳಿಸಿಕೊಂಡು ಹೊರಕ್ಕೆ ಓಡಿದರು.

ಅದೇ ವರುಷದ ಮಾರ್ಚ್ ೧೩ರಂದು ವಿಲಿಯಮನು ತನ್ನ ಏಳು ಅಡಿಯ ದೂರದರ್ಶಕದಿಂದ ಯುರೇನಸ್ ಗ್ರಹವನ್ನು ಕಂಡುಹಿಡಿದಿದ್ದನು. ಆ ಯಂತ್ರದ ಕನ್ನಡಿಯ ಅಗಲವು ಆರು ಅಂಗುಲಗಳಿಗೆ ಸ್ವಲ್ಪ ಹೆಚ್ಚು. ಮರುವರುಷ ಅದನ್ನು ಗ್ರೀನಿಚ್ ವೇಧಶಾಲೆಗೆ ತೆಗೆದುಕೊಂಡುಹೋಗಿ ಅಲ್ಲಿಯ ಯಂತ್ರಗಳೊಂದಿಗೆ ಹೋಲಿಸಿ ನೋಡಿದರು. ರಾಜಜ್ಯೋತಿಷಿಯಾದ ಮಾಸ್ಕಲಿನ್ ಮಹಾಶಯನು ಈ ಸಂಗೀತಗಾರನ ಯಂತ್ರವು ತನ್ನದಕ್ಕಿಂತ ಮೇಲೆಂದು ಒಪ್ಪಿದ್ದು ಮಾತ್ರವಲ್ಲ, ಅದರ ಮರದ ಪೀಠದ ಮಾದರಿಯನ್ನು ತೆಗೆಸಿ ತನ್ನ ದೂರದರ್ಶಕಕ್ಕೂ ಅಂಥದೇ ಪೀಠವನ್ನು ಮಾಡಿಸಲು ಅಪ್ಪಣೆ ಮಾಡಿದನು. ಅನಂತರ, ತನ್ನ ದೂರದರ್ಶಕಕ್ಕೆ ಹೊಸ ಪೀಠವನ್ನು ಪಡೆಯುವ ಯೋಗ್ಯತೆಯುಂಟೇ ಎಂದು ಅವನಿಗೇ ಸಂದೇಹ ಬಂದಿತಂತೆ. ಈ ವೃತ್ತಾಂತವನ್ನು ವಿಲಿಯಮನು ತಂಗಿಗೆ ಪತ್ರದಲ್ಲಿ ಬರೆದು ತಿಳಿಸಿದನು. ಬಲ್ಲವರ ಕಣ್ಣು ಕನ್ನಡಿಯ ಜೊತೆಗೆ ಪೀಠದ ಮೇಲೆಯೂ ಬೀಳುತ್ತದೆಂಬುದಕ್ಕೆ ಇದು ಸಾಕ್ಷಿ.

ಮೂರನೆಯ ಜಾರ್ಜ್ ಅರಸನು ವಿಲಿಯಮನಿಗೆ ವರುಷಕ್ಕೆ ೨೦೦ ಪೌಂಡುಗಳ ವೇತನವನ್ನು ನೇಮಿಸಿದ್ದರಿಂದ ಅಣ್ಣತಂಗಿಯರು ೧೭೮೨ರಲ್ಲಿ ಸಂಗೀತವನ್ನು ಬಿಟ್ಟು ವಿಂಡ್ಸರಿನ ಬಳಿಯ ಡ್ಯಾಚೆಟ್ ಎಂಬ ಹಳ್ಳಿಗೆ ಬಂದರು. ಗಾಯಕಿಯಾಗಿ ತನ್ನ ಅನ್ನವನ್ನು ತಾನು ಸಂಪಾದಿಸಬಹುದಾಗಿದ್ದ ಕ್ಯಾರೊಲಿನಳು ಈಗ ಮತ್ತೆ ಅಣ್ಣನ ಆಶ್ರಿತಳಾದಳು. ಈ ಬದಲಾವಣೆಯಿಂದ ಆಕೆಗೆ ವ್ಯಥೆಯಾಗದೆ ಇರಲಿಲ್ಲ. ಅಣ್ಣನು ಆಕೆಯ ಕೈಗೆ ಎರಡು ಗಾಜುಗಳ ಒಂದು ಚಿಕ್ಕ ದುರ್ಬೀನನ್ನು ಕೊಟ್ಟು, ಆಕಾಶವನ್ನು ಗುಡಿಸಿದಂತೆ ಸಾಲುಸಾಲಾಗಿ ನೋಡಿ ಹೊಸದೇನಾದರೂ ಕಂಡರೆ ಬರೆದಿಡುವಂತೆ ಹೇಳಿದನು. ಹಿಮ ಬಿದ್ದ ಹುಲ್ಲಿನ ಮೇಲೆ, ಕೂಗಿದರೆ ಓಗೊಡುವ ಮನುಷ್ಯರಿಲ್ಲದ ಕಡೆಯಲ್ಲಿ, ಆಕೆ ಒಬ್ಬಳೇ ರಾತ್ರಿಗಳನ್ನು ಕಳೆದಳು. ಮೊದಲು ಬೇಸರವೇ ಹೆಚ್ಚಾಗಿತ್ತು. ಆದರೂ ೧೭೮೩ರ ಫೆಬ್ರವರಿ ೨೬ರಂದು, ಆ ಕಾಲದ ಪ್ರಸಿದ್ಧವಾದ ಮೆಸ್ಸಿಯೆ ಪಟ್ಟಿಯಲ್ಲಿಲ್ಲದ ಒಂದು ನಕ್ಷತ್ರಗುಚ್ಛವನ್ನು ಕಂಡಳು. ಆಗ ಆಕೆಯ ಮನಸ್ಸು ಆಕಾಶಕ್ಕೆ ಅಂಟಿತು.

ತಂಗಿಯ ಕೈ ಕುದುರಿದ್ದನ್ನು ಕಂಡು ವಿಲಿಯಮನು ಆ ವರುಷದ ಬೇಸಗೆಯಲ್ಲಿ ಆಕೆಗಾಗಿಯೇ ಒಂದು ಕನ್ನಡಿಯ ದೂರದರ್ಶಕವನ್ನು ಮಾಡಿಕೊಟ್ಟನು. ಅದರ ಕನ್ನಡಿಯ ಅಗಲವು ನಾಲ್ಕು ಅಂಗುಲಗಳಿಗೆ ಸ್ವಲ್ಪ ಮೇಲೆ. ನಾಭಿದೂರವು ೨೭ ಅಂಗುಲ. ವಸ್ತುಗಳನ್ನು ಸುಮಾರು ಇಪ್ಪತ್ತು ಪಟ್ಟು ಮಾತ್ರ ದೊಡ್ಡದಾಗಿ ತೋರಿಸುವಂಥದು. ಆದರೆ ಅದರಲ್ಲಿ ಒಮ್ಮೆಗೆ ಕಾಣುವ ಆಕಾಶದ ಅಗಲವು ಎರಡು ಅಂಶಗಳಿಗೂ ಹೆಚ್ಚು, ಅಂದರೆ ನಾಲ್ಕು ಪೂರ್ಣಚಂದ್ರರನ್ನು ಸಾಲಾಗಿ ಇಡಬಹುದಾದಷ್ಟು. ಈ ಮೋಟಾದ ಕೊಳವೆಯನ್ನು ಮರದ ಚೌಕಟ್ಟಿನಲ್ಲಿ ಕೂಡಿಸಿ, ಹಗ್ಗ ಮತ್ತು ರಾಟೆಯಿಂದ ಮೇಲಕ್ಕೂ ಕೆಳಕ್ಕೂ ಚಲಿಸುವಂತೆಯೂ, ಇಡೀ ಚೌಕಟ್ಟು ನೆಲಕ್ಕೆ ಸಮನಾಗಿ ಸುತ್ತಲೂ ತಿರುಗುವಂತೆಯೂ ಮಾಡಿದ್ದನು. ನೋಡುವವಳು ಕಣ್ಣಿಡುವ ಸ್ಥಳವು ಹೆಚ್ಚು ಬದಲಾಗಬೇಕಾಗಿರಲಿಲ್ಲ. ಏಣಿ ಬೇಡ, ಆಳು ಬೇಡ. ಗಿಡ್ಡ ದೇಹದ ಆ ಹೆಣ್ಣುಮಗಳು ನಿಂತಲ್ಲಿಯೇ ನಿಂತು, ತನ್ನ ಕೈಯಿಂದಲೇ, ದಿಗಂತದಿಂದ ನೆತ್ತಿಯವರೆಗೆ ಆಕಾಶವನ್ನು ಗುಡಿಸಬಹುದಾಗಿತ್ತು.

ಪೀಠಗಳಲ್ಲಿ ಇದು ಅತ್ಯಂತ ಸರಳವಾದ ಬಗೆ. ಒಂದು ಚಲನೆ ಮೇಲೆ ಕೆಳಗೆ, ಇನ್ನೊಂದು ಚಲನೆ ಎಡಕ್ಕೆ ಬಲಕ್ಕೆ; ನಾವು ತಲೆಯನ್ನು ಎತ್ತಿ ಇಳಿಸಿ ಹೊರಳಿಸುವ ಹಾಗೆಯೇ. ಇದನ್ನು ಯಾರೂ ಹೇಳಿಕೊಡಬೇಕಾದದ್ದಿಲ್ಲ. ಕೈ ತಾನಾಗಿಯೇ ಕಲಿಯುತ್ತದೆ. ಕಲಿಯುವವಳ ಗಮನವೆಲ್ಲ ಆಕಾಶದ ಮೇಲೆ ನಿಲ್ಲುತ್ತದೆಯೇ ಹೊರತು ತಿರುಪುಗಳ ಮೇಲೆ ಹೋಗುವುದಿಲ್ಲ. ಅದೇ ಸೆಪ್ಟೆಂಬರ್ ೨೩ರಂದು ಕ್ಯಾರೊಲಿನಳು ಶಿಲ್ಪಿ ಎಂಬ ದಕ್ಷಿಣದ ಪುಂಜದಲ್ಲಿ ಒಂದು ದೊಡ್ಡ ನೀಹಾರಿಕೆಯನ್ನು ಕಂಡುಹಿಡಿದಳು. ಅದು ನಮ್ಮ ಆಕಾಶಗಂಗೆಯಂತೆಯೇ ಬೇರೊಂದು ನಕ್ಷತ್ರಲೋಕವೆಂದು ಈಗ ತಿಳಿದಿದೆ. ಇಂಗ್ಲೆಂಡಿನಲ್ಲಿ ಆ ವಸ್ತುವು ದಿಗಂತದಿಂದ ಸುಮಾರು ೧೩ ಅಂಶಗಳಿಗಿಂತ ಮೇಲಕ್ಕೆ ಏಳುವುದೇ ಇಲ್ಲ. ಮರಗಳ ತಲೆಯ ಮೇಲೆ ಕ್ಷಣಕಾಲ ಸುಳಿಯುವ ಅಂಥದನ್ನು ಹಿಡಿಯಲು ಕೈಗೆ ಒಗ್ಗಿದ ಯಂತ್ರವೇ ಬೇಕು.

ಆದರೆ ಆಕೆಯ ಸ್ವಂತದ ನೋಟಕ್ಕೆ ಸಮಯವು ಹೆಚ್ಚು ದೊರೆಯಲಿಲ್ಲ. ಅದೇ ವರುಷದ ಕೊನೆಯಲ್ಲಿ ವಿಲಿಯಮನ ಇಪ್ಪತ್ತು ಅಡಿಯ ದೂರದರ್ಶಕವು ಸಿದ್ಧವಾಯಿತು. ಅದರ ಕನ್ನಡಿಯ ಅಗಲ ಸುಮಾರು ೧೯ ಅಂಗುಲ. ಎತ್ತರವಾದ ಮರದ ಚೌಕಟ್ಟು, ಏಣಿಗಳು, ಹಗ್ಗಗಳು, ಕೊಳವೆಯನ್ನು ಎತ್ತಿ ಇಳಿಸಲು ಒಬ್ಬ ಆಳು. ಅಣ್ಣನು ಮೇಲೆ ನಿಂತು ಕಂಡದ್ದನ್ನು ಕೂಗಿ ಹೇಳುವನು. ತಂಗಿಯು ಕಿಟಕಿಯ ಬಳಿ ದೀಪ, ಗಡಿಯಾರ, ನಕ್ಷತ್ರಪಟ್ಟಿಗಳನ್ನು ಇಟ್ಟುಕೊಂಡು ಬರೆದುಕೊಳ್ಳುವಳು. ಹೀಗೆ ಇಪ್ಪತ್ತು ವರುಷಗಳಲ್ಲಿ ಸುಮಾರು ೨೫೦೦ ನೀಹಾರಿಕೆಗಳೂ ನಕ್ಷತ್ರಗುಚ್ಛಗಳೂ ಲೆಕ್ಕಕ್ಕೆ ಬಂದವು. ಆ ಕೀರ್ತಿಯಲ್ಲಿ ಅರ್ಧವು ಬರೆದ ಕೈಗೆ ಸಲ್ಲತಕ್ಕದ್ದು.

ಆ ದೊಡ್ಡ ಯಂತ್ರದ ಪೀಠವು ಮೊದಮೊದಲು ಅಪೂರ್ಣವಾಗಿಯೇ ಇದ್ದಿತು. ಒಂದು ಬಿರುಗಾಳಿಯ ರಾತ್ರಿ ವಿಲಿಯಮನು ಕೆಳಗಿಳಿದು ನೆಲ ಮುಟ್ಟುವಷ್ಟರಲ್ಲಿ ಇಡೀ ಕಟ್ಟಡವೇ ಉರುಳಿ ಬಿದ್ದಿತು. ೧೭೮೩ರ ಡಿಸೆಂಬರ್ ೩೧ರ ರಾತ್ರಿ, ಮೋಡ ಸರಿದು ನಕ್ಷತ್ರಗಳು ತೋರಿದಾಗ, ಅಣ್ಣನು ಯಂತ್ರದ ದಿಕ್ಕನ್ನು ಬದಲಾಯಿಸಲು ಅವಸರಪಡಿಸಿದನು. ಕ್ಯಾರೊಲಿನಳು ಒಂದು ಅಡಿ ಆಳದ ಕರಗುವ ಹಿಮದಲ್ಲಿ ಕತ್ತಲೆಯಲ್ಲಿ ಓಡುತ್ತ ಜಾರಿ, ಪೀಠದ ಕೊನೆಯಲ್ಲಿದ್ದ ದೊಡ್ಡ ಕಬ್ಬಿಣದ ಕೊಕ್ಕೆಯ ಮೇಲೆ ಬಿದ್ದಳು. ಕಟುಕರು ಮಾಂಸವನ್ನು ತೂಗಹಾಕುವಂಥ ಆ ಕೊಕ್ಕೆಯು ಮೊಳಕಾಲಿನ ಮೇಲೆ ತೊಡೆಯೊಳಕ್ಕೆ ನಾಟಿತು. ಅಣ್ಣನೂ ಆಳೂ ಬಂದು ಎತ್ತಿದಾಗ ಸುಮಾರು ಎರಡು ಔನ್ಸ್ ಮಾಂಸವು ಕೊಕ್ಕೆಯಲ್ಲಿಯೇ ಉಳಿಯಿತು. ಕೆಲವು ದಿನ ಆಕೆ ತಾನೇ ಔಷಧೋಪಚಾರ ಮಾಡಿಕೊಂಡಳು. ಆಮೇಲೆ ನೋಡಿದ ವೈದ್ಯನು, ಇಂಥ ಗಾಯವಾದ ಸಿಪಾಯಿಗೆ ಆರು ವಾರಗಳ ಆಸ್ಪತ್ರೆಯ ಶುಶ್ರೂಷೆ ಸಲ್ಲುತ್ತಿತ್ತೆಂದು ಹೇಳಿದನು. ಆದರೆ ಆಕೆಗಿದ್ದ ಸಮಾಧಾನವೇ ಬೇರೆ: ಮುಂದಿನ ರಾತ್ರಿಗಳು ಮೋಡ ಕವಿದವಾದುದರಿಂದ ತನ್ನ ಗಾಯದ ದೆಸೆಯಿಂದ ಅಣ್ಣನ ಕೆಲಸವು ಕೆಡಲಿಲ್ಲವೆಂಬುದು!

ಇದಾಗಿ ಕೆಲವು ವರುಷಗಳ ಮೇಲೆ ಇಟಲಿಯಿಂದ ನೋಡಲು ಬಂದ ಪಿಯಾಟ್ಸಿ ಎಂಬ ಪಂಡಿತನೂ ಆ ಚೌಕಟ್ಟಿನ ಕಬ್ಬಿಣದ ಸಲಾಕಿಗೆ ಎಡವಿ ಮೊಣಕಾಲಿನ ಕೆಳಗೆ ಗಾಯಮಾಡಿಕೊಂಡೇ ಹಿಂದಿರುಗಿದನು. ೧೮೦೧ರಲ್ಲಿ ಸಿರಿಸ್ ಎಂಬ ಕಿರುಗ್ರಹವನ್ನು ಕಂಡುಹಿಡಿದವನು ಅವನೇ. ಕತ್ತಲೆಯಲ್ಲಿ ನಡೆಯುವ ಕೆಲಸಕ್ಕೆ ಉಪಯೋಗಿಸುವ ಪೀಠದಲ್ಲಿ ಚಾಚಿಕೊಂಡ ಕಾಲುಗಳೂ ಮೊನೆಗಳೂ ಇರಬಾರದೆಂಬುದನ್ನು ಇಂಥ ಅಪಾಯಗಳಿಂದ ನಾವು ತಿಳಿಯಬೇಕು.

೧೭೮೬ರಲ್ಲಿ ಅವರು ಸ್ಲೌ ಎಂಬ ಊರಿಗೆ ಮನೆ ಬದಲಾಯಿಸಿದರು. ಆ ಬೇಸಗೆಯಲ್ಲಿ ಅರಸನ ಅಪ್ಪಣೆಯಂತೆ ವಿಲಿಯಮನು ಒಂದು ದೂರದರ್ಶಕವನ್ನು ಮುಟ್ಟಿಸಲು ಜರ್ಮನಿಗೆ ಹೋದನು. ಅಣ್ಣನಿಲ್ಲದ್ದರಿಂದ ಬರೆದುಕೊಳ್ಳುವ ಕೆಲಸವಿರಲಿಲ್ಲ. ರಾತ್ರಿಗಳು ಆಕೆಯ ಸ್ವಂತವಾದವು. ಆಗಸ್ಟ್ ೧ರಂದು ತನ್ನ ಚಿಕ್ಕ ಯಂತ್ರದಿಂದ ಗುಡಿಸುತ್ತಿದ್ದಾಗ ಮಸಕಾದ ಒಂದು ಚುಕ್ಕೆಯು ಕಾಣಿಸಿತು. ಮರುರಾತ್ರಿ ನೋಡಲು ಅದು ಸ್ಥಳ ಬದಲಾಯಿಸಿತ್ತು. ಅದು ಧೂಮಕೇತು! ಕೂಡಲೇ ಆಕೆ ರಾಯಲ್ ಸೊಸೈಟಿಯ ಕಾರ್ಯದರ್ಶಿಗೂ ಮತ್ತೊಬ್ಬ ಖಗೋಳಜ್ಞನಿಗೂ ಪತ್ರ ಬರೆದು ತಿಳಿಸಿದಳು. ಆಳುಗಳಿಂದ ನಡೆಯುವ ದೊಡ್ಡ ಯಂತ್ರವೊಂದೇ ಆ ಮನೆಯಲ್ಲಿದ್ದಿದ್ದರೆ, ಯಜಮಾನನು ದೇಶಾಂತರ ಹೋದಾಗ ಅದು ಸುಮ್ಮನೆ ನಿಂತಿರುತ್ತಿತ್ತು. ಒಬ್ಬಳೇ ನಡಸಬಹುದಾದ ಪೀಠವು ಆಕೆಯನ್ನು ಸಹಾಯಕಳ ಸ್ಥಾನದಿಂದ ಸ್ವತಂತ್ರ ಶೋಧಕಳ ಸ್ಥಾನಕ್ಕೆ ಏರಿಸಿತು.

ಮರುವರುಷ ಅರಸನು ಆಕೆಗೆ ವರುಷಕ್ಕೆ ೫೦ ಪೌಂಡುಗಳ ಸಂಬಳವನ್ನು ಗೊತ್ತುಮಾಡಿದನು. ವಿಜ್ಞಾನದ ಕೆಲಸಕ್ಕೆ ಸಂಬಳ ಪಡೆದ ಸ್ತ್ರೀಯರಲ್ಲಿ ಇಂಗ್ಲೆಂಡಿನ ಮಟ್ಟಿಗೆ ಈಕೆಯೇ ಮೊದಲಿಗಳು. ಮೂವತ್ತೇಳನೆಯ ವಯಸ್ಸಿನಲ್ಲಿ, ಯಾರಿಗೂ ಲೆಕ್ಕ ಒಪ್ಪಿಸದೆ ತಾನೇ ಖರ್ಚು ಮಾಡಬಹುದಾದ ಹಣವು ಆಕೆಯ ಕೈಗೆ ಬಂದಿತು. ೧೭೮೮ರಲ್ಲಿ ವಿಲಿಯಮನು ಮದುವೆಯಾದುದರಿಂದ ಕ್ಯಾರೊಲಿನಳು ಬೇರೆ ಬಿಡಾರದಲ್ಲಿ ಇರಬೇಕಾಯಿತು. ಮನಸ್ಸಿಗೆ ನೋವಾದರೂ ಆಕೆ ಯಂತ್ರವನ್ನು ಬಿಡಲಿಲ್ಲ. ೧೭೮೬ರಿಂದ ೧೭೯೭ರವರೆಗೆ ಒಟ್ಟು ಎಂಟು ಧೂಮಕೇತುಗಳನ್ನು ಕಂಡಳು. ಅವುಗಳಲ್ಲಿ ಐದನ್ನು ಎಲ್ಲರಿಗಿಂತ ಮೊದಲು ಕಂಡವಳು ಆಕೆಯೇ. ೧೭೯೧ರಲ್ಲಿ ಅಣ್ಣನು ಐದು ಅಡಿಯ ಇನ್ನೊಂದು ಯಂತ್ರವನ್ನು ಮಾಡಿಕೊಟ್ಟನು. ಕನ್ನಡಿಯ ಅಗಲವು ಒಂಬತ್ತು ಅಂಗುಲಗಳಾದರೂ ಅದನ್ನೂ ಗುಡಿಸುವ ಕೆಲಸಕ್ಕೆ ತಕ್ಕಂತೆಯೇ ಮಾಡಿದ್ದನು.

ಕೊನೆಯ ಧೂಮಕೇತುವು ೧೭೯೭ರ ಆಗಸ್ಟ್ ೧೪ರಂದು ಬರಿಗಣ್ಣಿಗೇ ಕಾಣಿಸಿತು. ಅಂಚೆಯನ್ನು ನಂಬಿ ಕುಳಿತರೆ ತಡವಾದೀತೆಂದು, ಒಂದು ಘಂಟೆ ಮಾತ್ರ ನಿದ್ರೆಮಾಡಿ, ಕುದುರೆಯನ್ನೇರಿ ಇಪ್ಪತ್ತು ಮೈಲಿಗೂ ಮಿಕ್ಕಿದ ದಾರಿಯನ್ನು ನಡೆದು ಗ್ರೀನಿಚ್ಚಿಗೆ ಹೋಗಿ ರಾಜಜ್ಯೋತಿಷಿಗೆ ತಾನೇ ವರ್ತಮಾನ ಹೇಳಿದಳು. ಆಗ ಆಕೆಗೆ ನಲವತ್ತೇಳು ವರುಷ.

ಇದೇ ಕಾಲದಲ್ಲಿ ಅದೇ ಅಂಗಳದಲ್ಲಿ ಮತ್ತೊಂದು ಯಂತ್ರವು ನಿಂತಿತ್ತು. ಅದು ಅರಸನು ಒಟ್ಟು ೪೦೦೦ ಪೌಂಡುಗಳನ್ನು ಕೊಟ್ಟು ಮಾಡಿಸಿದ ನಲವತ್ತು ಅಡಿಯ ದೂರದರ್ಶಕ. ನಾಲ್ಕು ಅಡಿ ಅಗಲದ ಕನ್ನಡಿ, ಮನೆಗಿಂತ ಎತ್ತರವಾದ ಚೌಕಟ್ಟು, ಅದು ತಿರುಗಲು ನೆಲದ ಮೇಲೆ ವರ್ತುಲಾಕಾರದ ದಾರಿ. ೧೭೮೯ರಲ್ಲಿ ಅದು ಪೂರ್ಣವಾದಾಗ ದೇಶದೇಶಗಳಿಂದ ಜನರು ನೋಡಲು ಬಂದರು. ಶನಿಯ ಎರಡು ಉಪಗ್ರಹಗಳ ಶೋಧಕ್ಕೆ ಅದರ ಹೆಸರು ಸೇರಿತು, ನಿಜ. ಆದರೆ ಅದನ್ನು ಹೊರಳಿಸಲು ಆಳುಗಳು ಬೇಕು, ಸಿದ್ಧಮಾಡಲು ಹೊತ್ತು ಬೇಕು. ಕನ್ನಡಿಯು ಬೇಗನೆ ಮಸಕಾಗುತ್ತಿತ್ತು. ನಿರ್ಮಲವಾದ ಘಂಟೆಗಳು ಸಿದ್ಧತೆಯಲ್ಲಿಯೇ ಕಳೆದುಹೋಗುತ್ತಿದ್ದವು. ಬರಬರುತ್ತ ವಿಲಿಯಮನೇ ಅದನ್ನು ಬಿಟ್ಟು ಇಪ್ಪತ್ತು ಅಡಿಯದನ್ನೇ ಹಿಡಿದನು. ೧೮೩೯ರಲ್ಲಿ ಶಿಥಿಲವಾದ ಆ ಚೌಕಟ್ಟನ್ನು ಬಿಚ್ಚಿಹಾಕಿದರು. ಒಂದು ಕಡೆ ನಾಲ್ಕು ಅಡಿಯ ಕನ್ನಡಿ, ಒಂದು ಕಡೆ ನಾಲ್ಕು ಅಂಗುಲದ ಕನ್ನಡಿ; ಬೆಲೆಯನ್ನೂ ಫಲವನ್ನೂ ತೂಗಿ ನೋಡುವ ಕೆಲಸವನ್ನು ವಾಚಕರಿಗೇ ಬಿಡುತ್ತೇವೆ.

ಇಲ್ಲಿ ಇನ್ನೊಂದು ಬಗೆಯ ಪೀಠವನ್ನೂ ಹೇಳದೆ ಬಿಡಲಾಗದು. ಭೂಮಿಯು ತಿರುಗುವುದರಿಂದ ನಕ್ಷತ್ರಗಳು ಘಂಟೆಗೆ ೧೫ ಅಂಶಗಳಂತೆ ಪಡುವಣಕ್ಕೆ ಸರಿಯುತ್ತವೆ. ನೂರು ಪಟ್ಟು ದೊಡ್ಡದಾಗಿ ತೋರಿಸುವ ಗಾಜಿನಲ್ಲಿ ಒಂದು ನಕ್ಷತ್ರವು ಅಂಚಿನಿಂದ ಅಂಚಿಗೆ ಸುಮಾರು ಎರಡೇ ನಿಮಿಷಗಳಲ್ಲಿ ದಾಟಿಹೋಗುತ್ತದೆ. ಪೀಠದ ಒಂದು ಅಕ್ಷವನ್ನು ಭೂಮಿಯ ಅಕ್ಷಕ್ಕೆ ಸಮಾನಾಂತರವಾಗಿ, ಅಂದರೆ ಧ್ರುವದ ಕಡೆಗೆ ಓರೆಯಾಗಿ ಇಟ್ಟರೆ, ಆ ಒಂದೇ ಅಕ್ಷವನ್ನು ತಿರುಗಿಸುತ್ತ ನಕ್ಷತ್ರವನ್ನು ಹಿಂಬಾಲಿಸಬಹುದು. ಗಡಿಯಾರದ ಯಂತ್ರವನ್ನು ಕಟ್ಟಿದರೆ ಅದು ತಾನಾಗಿಯೇ ಹಿಂಬಾಲಿಸುತ್ತದೆ. ಕ್ಯಾರೊಲಿನಳ ಜೀವಮಾನದಲ್ಲಿಯೇ, ೧೮೨೪ರಲ್ಲಿ, ಜರ್ಮನಿಯ ಫ್ರೌನ್‌ಹೋಫರನು ಡೋರ್ಪಾಟ್ ವೇಧಶಾಲೆಗೆ ಮಾಡಿಕೊಟ್ಟ ದೂರದರ್ಶಕದಲ್ಲಿ ಈ ಬಗೆಯು ಬಹಳ ಸೊಗಸಾಗಿ ಸಿದ್ಧಿಸಿತು. ಬಹಳ ಹೊತ್ತು ಬೆಳಕು ಕೂಡಿಸಿ ಚಿತ್ರ ತೆಗೆಯುವವರಿಗೆ ಇಂಥ ಪೀಠವು ಅವಶ್ಯ.

ಆದರೆ ಆರಂಭಿಸುವವಳಿಗೆ ಇದು ಭಾರವೇ ಸರಿ. ಇದನ್ನು ಇಡುವಾಗೆಲ್ಲ ಧ್ರುವಕ್ಕೆ ಸರಿಪಡಿಸಬೇಕು. ಸಮತೂಕದ ಗುಂಡುಗಳನ್ನು ಏರಿಸಬೇಕು. ಕೊಳವೆಯು ಅನಿರೀಕ್ಷಿತವಾದ ದಿಕ್ಕುಗಳಿಗೆ ಹೊರಳುತ್ತದೆ. ಮೇಲಾಗಿ ನಮ್ಮ ಸೀಮೆಯಲ್ಲಿ ಧ್ರುವನಕ್ಷತ್ರವು ಬಹಳ ತಗ್ಗಿನಲ್ಲಿದೆ. ಮಂಗಳೂರು ಬೆಂಗಳೂರುಗಳಲ್ಲಿ ದಿಗಂತದಿಂದ ಸುಮಾರು ೧೩ ಅಂಶ, ಧಾರವಾಡದಲ್ಲಿ ಹದಿನೈದೂವರೆ. ತೆಂಗು ಮಾವುಗಳ ಮರೆಯಲ್ಲಿ ಅದು ಕಾಣದಿರುವುದೇ ಹೆಚ್ಚು. ಇಷ್ಟು ತಗ್ಗಿಸಿದಾಗ ಗುಂಡಿನ ಸಲಾಕಿಯು ಮುಕ್ಕಾಲಿಯ ಕಾಲಿಗೆ ತಗಲುವುದೂ ಉಂಟು. ಆದಕಾರಣ ಮೊದಲ ವರುಷಗಳಿಗೆ ಕ್ಯಾರೊಲಿನಳ ಪೀಠದಂತೆ ಎರಡೇ ಸರಳ ಚಲನೆಗಳುಳ್ಳದ್ದೇ ಉತ್ತಮವೆಂದು ನಾವು ಹೇಳುತ್ತೇವೆ.

ಕೊಳ್ಳುವಾಗ ಪರೀಕ್ಷಿಸತಕ್ಕ ವಿಷಯಗಳು ಕೆಲವುಂಟು. ಕೊಳವೆಯನ್ನು ಬೆರಳಿನಿಂದ ಮೆಲ್ಲಗೆ ತಟ್ಟಿ, ನೋಟದ ನಡುಕವು ಎಷ್ಟು ಹೊತ್ತಿಗೆ ನಿಲ್ಲುತ್ತದೆಂದು ಎಣಿಸಬೇಕು. ಎರಡು ಮೂರು ಸೆಕೆಂಡುಗಳಲ್ಲಿ ನಿಂತರೆ ಪೀಠವು ಒಳ್ಳೆಯದು; ಬಹಳ ಹೊತ್ತು ನಡುಗಿದರೆ ಎಷ್ಟು ದೊಡ್ಡ ಗಾಜಿದ್ದರೂ ಅದು ಬೇಡ. ಒಂದು ಬೆರಳಿನಿಂದ ನೂಕಿದಾಗ ಕೊಳವೆಯು ತಡೆಯಿಲ್ಲದೆ ಜರುಗಬೇಕು. ಕೈ ಬಿಟ್ಟಲ್ಲಿಯೇ ನಿಲ್ಲಬೇಕು. ನೂರಾರು ಪಟ್ಟು ದೊಡ್ಡದಾಗಿ ತೋರಿಸುವುದೆಂದು ಪೆಟ್ಟಿಗೆಯ ಮೇಲೆ ಅಚ್ಚುಹಾಕಿ, ಕಡ್ಡಿಯಂಥ ಕಾಲುಗಳನ್ನು ಕೊಟ್ಟಿರುವ ಯಂತ್ರಗಳಿಗೆ ಮರುಳಾಗಬಾರದು. ನಡುಕವೂ ಅಷ್ಟೇ ಪಟ್ಟು ದೊಡ್ಡದಾಗುತ್ತದೆ. ಮುಕ್ಕಾಲಿಯಾದರೆ ಅದರ ಕಾಲುಗಳನ್ನು ಪೂರಾ ಚಾಚದೆ, ನಡುವೆ ಒಂದು ಭಾರವನ್ನು ತೂಗಹಾಕಿದರೆ ಅದು ಸ್ಥಿರವಾಗುತ್ತದೆ. ಎಲ್ಲಕ್ಕಿಂತ ಮುಖ್ಯವಾದದ್ದು: ಅದನ್ನು ಮನೆಯೊಳಗಿಂದ ಅಂಗಳಕ್ಕೆ ಹುಡುಗಿಯು ಒಬ್ಬಳೇ ಹೊತ್ತು ತರಬಲ್ಲಳೇ ಎಂಬುದು. ಅಣ್ಣನೋ ಅಪ್ಪನೋ ಬರಲೆಂದು ಕಾಯಬೇಕಾದ ಯಂತ್ರವು ಬೇಗನೆ ಅಟ್ಟವನ್ನು ಸೇರುತ್ತದೆ.

ಹಣವು ಕಡಿಮೆಯಾದರೂ ಹಿಂಜರಿಯಬೇಕಾಗಿಲ್ಲ. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ನಗರದಲ್ಲಿ ರಾಮಕೃಷ್ಣ ಸಂಘದ ಮಠದಲ್ಲಿದ್ದ ಜಾನ್ ಡಾಬ್ಸನ್ ಎಂಬವರು ಕಳೆದ ಶತಮಾನದಲ್ಲಿ ಮರದ ಹಲಗೆಗಳಿಂದ ಒಂದು ಪೆಟ್ಟಿಗೆಯಂಥ ಪೀಠವನ್ನು ಮಾಡಿ ತೋರಿಸಿದರು. ಕೊಳವೆಯು ಪೆಟ್ಟಿಗೆಯಲ್ಲಿ ಮೇಲೆ ಕೆಳಗೆ ಆಡುತ್ತದೆ. ಪೆಟ್ಟಿಗೆಯು ನೆಲದ ಹಲಗೆಯ ಮೇಲೆ ಸುತ್ತುತ್ತದೆ. ಜಾರಲು ನುಣುಪಾದ ತುಂಡುಗಳ ಹೊರತು ಬೇರೆ ಯಂತ್ರವಿಲ್ಲ. ಈಗ ಲೋಕದಲ್ಲೆಲ್ಲ ಆರಂಭಿಸುವವರಿಗೆ ಇದನ್ನೇ ಹೇಳುವರು. ಊರಿನ ಬಡಗಿಯೂ ಇದನ್ನು ಮಾಡಬಲ್ಲನು. ಕ್ಯಾರೊಲಿನಳು ಇದನ್ನು ನೋಡಿದ್ದರೆ ತನ್ನ ಯಂತ್ರದ ಬಳಗವೆಂದು ಗುರುತು ಹಿಡಿಯುತ್ತಿದ್ದಳು.

ಆಕೆಯ ಮುಂದಿನ ಜೀವಿತವನ್ನು ಸಂಕ್ಷೇಪವಾಗಿ ಹೇಳುತ್ತೇವೆ. ಫ್ಲ್ಯಾಮ್‌ಸ್ಟೀಡನ ನಕ್ಷತ್ರಪಟ್ಟಿಯನ್ನು ಮೂಲದೊಂದಿಗೆ ಹೋಲಿಸಿ, ತಪ್ಪುಗಳನ್ನು ತಿದ್ದಿ, ಬಿಟ್ಟುಹೋಗಿದ್ದ ಸುಮಾರು ೫೬೦ ನಕ್ಷತ್ರಗಳನ್ನು ಸೇರಿಸಿದಳು. ಆ ಗ್ರಂಥವನ್ನು ರಾಯಲ್ ಸೊಸೈಟಿಯು ೧೭೯೮ರಲ್ಲಿ ಅಚ್ಚುಮಾಡಿಸಿತು. ೧೮೨೨ರಲ್ಲಿ ವಿಲಿ­ಯಮನು ತೀರಿಕೊಳ್ಳಲು, ಐವತ್ತು ವರುಷಗಳ ಮೇಲೆ ಆಕೆ ಹನೋವರಿಗೆ ಹಿಂದಿರುಗಿದಳು. ಅಲ್ಲಿ ಎದುರು ಮನೆಗಳ ಎತ್ತರವಾದ ಛಾವಣಿಗಳು ಆಕಾಶವನ್ನು ಮುಚ್ಚಿದ್ದುದು ಆಕೆಗೆ ದೊಡ್ಡ ದುಃಖ. ನೋಡಲಾಗದಿದ್ದರೂ ಬರೆಯಬಹುದೆಂದು, ಅಣ್ಣನು ಕಂಡ ೨೫೦೦ ನೀಹಾರಿಕೆಗಳ ಪಟ್ಟಿಯನ್ನು ಹೊಸ ಕ್ರಮದಲ್ಲಿ ಬರೆದು ಅಣ್ಣನ ಮಗನಾದ ಜಾನನಿಗೆ ಕಳುಹಿಸಿದಳು. ಇದಕ್ಕಾಗಿ ರಾಯಲ್ ಆಸ್ಟ್ರಾನಾಮಿಕಲ್ ಸೊಸೈಟಿಯು ೧೮೨೮ರಲ್ಲಿ ಚಿನ್ನದ ಪದಕವನ್ನು ಕೊಟ್ಟಿತು. ೧೮೩೫ರಲ್ಲಿ ಮೇರಿ ಸಾಮರ್‌ವಿಲ್ ಎಂಬ ವಿದುಷಿಯೊಂದಿಗೆ ಈಕೆಯನ್ನೂ ಗೌರವ ಸದಸ್ಯೆಯಾಗಿ ಆರಿಸಿದರು. ೧೮೪೬ರಲ್ಲಿ, ತೊಂಬತ್ತಾರು ವರುಷ ತುಂಬಿದಾಗ, ಪ್ರಷ್ಯದ ಅರಸನಿಂದ ಚಿನ್ನದ ಪದಕವು ಬಂದಿತು.

೧೮೪೮ರ ಜನವರಿ ೯ರಂದು, ತೊಂಬತ್ತೇಳು ವರುಷಗಳ ದೀರ್ಘಾಯುಷ್ಯವನ್ನು ಕಳೆದು, ಕ್ಯಾರೊಲಿನಳು ಶಾಂತಳಾಗಿ ತೀರಿಕೊಂಡಳು. ಚಂದ್ರನ ಮೇಲಿನ ಒಂದು ಕುಳಿಗೂ ಒಂದು ಕಿರುಗ್ರಹಕ್ಕೂ ಆಕೆಯ ಹೆಸರನ್ನಿಟ್ಟಿದ್ದಾರೆ. ೧೭೮೮ರ ಡಿಸೆಂಬರಿನಲ್ಲಿ ಆಕೆ ಕಂಡ ಧೂಮಕೇತುವು ನೂರೈವತ್ತು ವರುಷಗಳ ಮೇಲೆ, ೧೯೩೯ರಲ್ಲಿ, ಮತ್ತೆ ಕಾಣಿಸಿಕೊಂಡಿತು. ಇನ್ನೊಂದು ಸಾರಿ ಅದು ೨೦೯೨ರಲ್ಲಿ ಸೂರ್ಯನ ಬಳಿಗೆ ಬರತಕ್ಕದ್ದು. ಇಂದು ನಮ್ಮ ಶಾಲೆಗಳಲ್ಲಿ ಕಲಿಯುತ್ತಿರುವ ಬಾಲಕಿಯರ ಮೊಮ್ಮಕ್ಕಳು ಅದನ್ನು ನೋಡುವರು.

ವಿದ್ಯಾರ್ಥಿನಿಯರೇ, ಕ್ಯಾರೊಲಿನಳಿಗೆ ಎತ್ತರವಿರಲಿಲ್ಲ, ಸಿರಿಯಿರಲಿಲ್ಲ, ಬಾಲ್ಯದಲ್ಲಿ ವಿದ್ಯೆಯೂ ಇರಲಿಲ್ಲ. ತನ್ನ ಅಳತೆಗೆ ತಕ್ಕ ಒಂದು ಯಂತ್ರವು ತನ್ನ ಕೈಗೆ ಬಂದಾಗ ಆಕೆ ಅದನ್ನು ಬಿಡುವು ದೊರೆತ ನಿರ್ಮಲವಾದ ರಾತ್ರಿಗಳಲ್ಲಿ ಸುಮ್ಮನಿರಗೊಡಲಿಲ್ಲ. ನೀವು ದೂರದರ್ಶಕವನ್ನು ಕೊಳ್ಳುವ ದಿನ ಬಂದರೆ, ದೊಡ್ಡದನ್ನು ಹುಡುಕುವ ಮೊದಲು ಸ್ಥಿರವಾಗಿ ನಿಲ್ಲುವುದನ್ನು ಹುಡುಕಿರಿ. ನಿಮ್ಮ ಕೈಯಿಂದಲೇ ತಿರುಗುವುದನ್ನು ಆರಿಸಿಕೊಳ್ಳಿರಿ. ಆಮೇಲೆ ಆಕಾಶದ ಒಂದು ಮೂಲೆಯಿಂದ ಆರಂಭಿಸಿ ಸಾಲುಸಾಲಾಗಿ ಗುಡಿಸುತ್ತ ಹೋಗಿರಿ.